ಬಲ್ಬಿನ ಬೆನ್ನಿಗೆ ಕತ್ತಲೆ

ಬಾಡಿಗೆ ಮನೆಗಳಲ್ಲಿ ಸಂಜೆಯಾಯಿತೆಂದರೆ ಒಂದು ವಿಚಿತ್ರ ದೂರು ಕೇಳಿಬರುತ್ತದೆ. ಬಲ್ಬು ಹೊಸದು, ಅದರ ಕಡೆ ನೋಡಿದರೆ ಕಣ್ಣು ಕುಕ್ಕುತ್ತದೆ, ಆದರೂ ಹಾಲ್ ಮಾತ್ರ ಮಬ್ಬು. ಚಾವಣಿ ಬೂದುಬೂದು, ಮೂಲೆಗಳಲ್ಲಿ ಕಪ್ಪು, ಎದುರಿಗೆ ಕೂತವರ ಕಣ್ಣಿನ ಕೆಳಗೆ ಇಲ್ಲದ ಗುಳಿಗಳು. 9 ವಾಟ್ ತೆಗೆದು 12ರದ್ದು ಹಾಕುತ್ತಾರೆ, ಅದೂ ಸಾಲದೆಂದು 15ಕ್ಕೆ ಹೋಗುತ್ತಾರೆ. ಕಣ್ಣು ಕುಕ್ಕುವುದು ಜಾಸ್ತಿಯಾಗುತ್ತದೆಯೇ ಹೊರತು ಮಬ್ಬು ಹರಿಯುವುದಿಲ್ಲ. ಕೊನೆಗೆ ತಪ್ಪೆಲ್ಲ ಓನರ್ ಹಾಕಿಸಿದ ಹಳೇ ಹೋಲ್ಡರ್‌ಗಳದ್ದೇ ಎಂದು ತೀರ್ಮಾನಿಸಿ, ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಗೆ ಹೋಗಿ, ಸಾವಿರಾರು ರೂಪಾಯಿಯ ಅಲಂಕಾರಿಕ ದೀಪಗಳ ಮುಂದೆ ನಿಂತು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ, ಬಣ್ಣ ಬದಲಿಸುವ ಹಾಗಿಲ್ಲ. ಮನೆ ಬಿಡುವಾಗ ಪೇಂಟಿಂಗ್ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದಂತೂ ಇದ್ದದ್ದೇ.

ಈ ಖರ್ಚಿನ ಬಹುಪಾಲು ಅನಗತ್ಯ. ಮನೆಯಲ್ಲಿ ಬೆಳಕು ಕಡಿಮೆಯಾಗಿಲ್ಲ, ಬೆಳಕಿನ ದಿಕ್ಕು ಬದಲಾಗಿದೆ. ಆ ಬದಲಾವಣೆ ಬಲ್ಬಿನ ಒಳಗೇ ಆಗಿದ್ದರಿಂದ ಯಾರ ಗಮನಕ್ಕೂ ಬರಲಿಲ್ಲ. ಅದನ್ನು ಸರಿಪಡಿಸಲು ಹೊಸ ಫಿಟಿಂಗಿಗಿಂತ ಇರುವ ಗೋಡೆ ಮತ್ತು ಚಾವಣಿಯನ್ನು ಬಳಸಿಕೊಳ್ಳುವುದು ಅಗ್ಗ, ಮತ್ತು ಹೆಚ್ಚು ಪರಿಣಾಮಕಾರಿ.

ಬೆಳಕು ಕಡಿಮೆಯಾಯಿತೆ?

ಹಾಗೆ ಅನುಮಾನಿಸುವುದು ಸಹಜ, ಆದರೆ ಲೆಕ್ಕ ಒಪ್ಪುವುದಿಲ್ಲ. ವಾಟ್ ಎಂಬುದು ಬಲ್ಬು ಎಷ್ಟು ವಿದ್ಯುತ್ ತಿನ್ನುತ್ತದೆ ಎಂಬ ಅಳತೆ. ಹೊರಬರುವ ಬೆಳಕನ್ನು ಅಳೆಯುವುದು ಲ್ಯೂಮೆನ್‌ನಲ್ಲಿ. ಹಳೆಯ 60 ವಾಟ್ ಬುರುಡೆ ಬಲ್ಬು ಕೊಡುತ್ತಿದ್ದದ್ದು ಸುಮಾರು 700 ಲ್ಯೂಮೆನ್. ಈಗಿನ 9 ವಾಟ್ ಎಲ್‌ಇಡಿ ಕೊಡುವುದು 800ರಿಂದ 900. ಅಂದರೆ ಬೆಳಕು ಹೆಚ್ಚೇ ಆಗಿದೆ, ವಿದ್ಯುತ್ತು ಆರನೇ ಒಂದು ಪಾಲಿಗಿಂತ ಕಡಿಮೆಗೆ ಇಳಿದಿದೆ. ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಮುರಾ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಮರುವರ್ಷ ಜನವರಿಯಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಶುರುವಾಗಿ, 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಹಂಚಿಕೆಯಾದವು. 2014ರಲ್ಲಿ ಸರ್ಕಾರ 310 ರೂಪಾಯಿ ಕೊಟ್ಟು ಕೊಳ್ಳುತ್ತಿದ್ದ ಬಲ್ಬು 2016ರ ಹೊತ್ತಿಗೆ 38ಕ್ಕೆ ಇಳಿದಿತ್ತು. ಇಷ್ಟು ಬೇಗ, ಇಷ್ಟು ಮನೆಗಳಲ್ಲಿ ದೀಪದ ಜಾತಿಯೇ ಬದಲಾದದ್ದು ಹಿಂದೆಂದೂ ಇಲ್ಲ. ಹೋಲ್ಡರ್ ಮಾತ್ರ ಬದಲಾಗಲಿಲ್ಲ. ಬಲ್ಬಿಗೆ ಅದೇ ಎರಡು ಕಿವಿಗಳು, ಅದೇ ತೂತು, ಗೋಡೆಯ ಅದೇ ಜಾಗ.

ಕುರುಡು ಬೆನ್ನು

ಕೆಟ್ಟುಹೋದ ಒಂದು ಎಲ್‌ಇಡಿ ಬಲ್ಬಿನ ಬಿಳಿ ಬುರುಡೆಯನ್ನು ತಿರುವಿ ಬಿಚ್ಚಿದರೆ ಗುಟ್ಟು ತಿಳಿಯುತ್ತದೆ. ಒಳಗೊಂದು ಅಲ್ಯೂಮಿನಿಯಂ ಬಿಲ್ಲೆ. ಅದರ ಮೇಲೆ ಸುತ್ತಲೂ ಮೂರು ಮಿಲಿಮೀಟರ್ ಆಸುಪಾಸಿನ ಹಳದಿ ಚೌಕಗಳು. ಎಲ್ಲವೂ ಒಂದೇ ಕಡೆಗೆ ಮುಖಮಾಡಿ ಕೂತಿರುತ್ತವೆ. ಬಿಲ್ಲೆಯ ಕೆಳಗೆ, ಬಲ್ಬಿನ ಸುಮಾರು ಅರ್ಧದಷ್ಟು ಉದ್ದಕ್ಕೆ, ಪ್ಲಾಸ್ಟಿಕ್ ಹೊದ್ದ ಲೋಹದ ಗಟ್ಟಿ ಬುಡ. ಅದರಿಂದ ಒಂದು ಕಿರಣವೂ ಹೊರಬರುವುದಿಲ್ಲ.

ಈ ಬುಡ ಇರುವುದು ಶಾಖಕ್ಕಾಗಿ. ಹಳೆಯ ಬಲ್ಬಿನ ಟಂಗ್‌ಸ್ಟನ್ ತಂತಿ ಸುಮಾರು 2,400 ಡಿಗ್ರಿ ಸೆಲ್ಸಿಯಸ್‌ಗೆ ಕಾದು, ತನ್ನ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಎಲ್ಲ ದಿಕ್ಕಿಗೂ ಎಸೆಯುತ್ತಿತ್ತು. ಗಾಜಿನ ಒಳಗೆ ತಂತಿಯೊಂದು ತೂಗಾಡುತ್ತಿದ್ದರೆ ಸಾಕಾಗಿತ್ತು. ಎಲ್‌ಇಡಿಗೆ ಅಂಥ ಬಿಸಿ ತಡೆಯದು, ಬಿಸಿಯಾದಷ್ಟೂ ಅದರ ಬೆಳಕು ಕುಗ್ಗುತ್ತದೆ, ಆಯಸ್ಸು ಕಡಿಮೆಯಾಗುತ್ತದೆ. ಶಾಖವನ್ನು ಕಿರಣವಾಗಿ ಎಸೆಯಲೂ ಅದಕ್ಕೆ ಬಾರದು. ಹಾಗಾಗಿ ಬೆನ್ನಿಗೆ ಲೋಹ ಅಂಟಿಸಿ ಬಿಸಿಯನ್ನು ಹಿಂದಕ್ಕೆ ಎಳೆದು ಗಾಳಿಗೆ ಬಿಡಬೇಕು. ಮುಂದೆ ಬೆಳಕು, ಹಿಂದೆ ಶಾಖ. ಆ ಲೋಹವೇ ಹಿಂಬದಿಯ ಬೆಳಕಿಗೆ ಅಡ್ಡ. ಟ್ಯೂಬ್‌ಲೈಟಿನಲ್ಲಿ ಆದದ್ದೂ ಇದೇ. ಹಳೆಯ 40 ವಾಟ್ ಟ್ಯೂಬು ತನ್ನ ಸುತ್ತಳತೆಯ ಉದ್ದಕ್ಕೂ ಉರಿಯುತ್ತಿತ್ತು, ಪಟ್ಟಿಯ ಅಂಚನ್ನು ದಾಟಿ ಮೇಲಿನ ಗೋಡೆಗೂ ಚಾವಣಿಗೂ ಧಾರಾಳವಾಗಿ ಬೆಳಕು ಚೆಲ್ಲುತ್ತಿತ್ತು. ಎಲ್‌ಇಡಿ ಟ್ಯೂಬಿನ ಒಳಗಿರುವುದು ಒಂದು ಪಟ್ಟಿ, ಅದರ ಬೆಳಕೆಲ್ಲ ಮುಂದಕ್ಕೇ.

ದೀಪದ ಬುಡದಲ್ಲಿ ಕತ್ತಲೆ ಎನ್ನುವ ಗಾದೆ ಎಣ್ಣೆ ದೀಪಕ್ಕೆ ಸರಿ. ಚಾವಣಿಯ ಹೋಲ್ಡರಿನಿಂದ ತಲೆಕೆಳಗಾಗಿ ನೇತಾಡುವ ಎಲ್‌ಇಡಿಗೆ ಬುಡ ಮೇಲಿರುತ್ತದೆ, ಕತ್ತಲೆಯೂ ಮೇಲೆ. ತಲೆಯೆತ್ತಿ ನೋಡಿದರೆ ಹೋಲ್ಡರಿನ ಸುತ್ತ ಅಗಲವಾದ ಮಂಕು ವರ್ತುಲ ಕಾಣುತ್ತದೆ. ಬುರುಡೆ ಬಲ್ಬಿನ ಕಾಲದಲ್ಲಿ ಅಲ್ಲಿ ಹೋಲ್ಡರಿನ ಸಣ್ಣ ನೆರಳಿತ್ತೇ ಹೊರತು ಇಂಥ ವರ್ತುಲ ಇರಲಿಲ್ಲ.

ಚಾವಣಿ ಮಂಕಾದರೆ ಆಗಲಿ, ಬೆಳಕು ಬೇಕಿರುವುದು ಕೆಳಗೆ, ಎಲ್‌ಇಡಿ ಅದನ್ನು ಪೋಲು ಮಾಡದೆ ಕೆಳಗೇ ಕಳಿಸುತ್ತಿದೆಯಲ್ಲ, ಅದು ಒಳ್ಳೆಯದೇ ಅಲ್ಲವೆ? ಬೀದಿದೀಪದ ವಿಷಯದಲ್ಲಿ ಈ ವಾದ ಪೂರ್ತಿ ಸರಿ. ಮೇಲಕ್ಕೆ ಹೋದ ಬೆಳಕು ಅಲ್ಲಿ ಆಕಾಶದ ಪಾಲು. ಕೋಣೆಗೆ ಮಾತ್ರ ಮುಚ್ಚಳವಿದೆ, ಸುತ್ತ ಗೋಡೆಗಳಿವೆ. ಅಲ್ಲಿ ಬೆಳಕು ಒಮ್ಮೆ ಬಿದ್ದಲ್ಲಿಗೇ ಮುಗಿದುಹೋಗುವುದಿಲ್ಲ.

ಕೈ ಬದಲಾಗುವ ಬೆಳಕು

ಒಂದು ಊರಿನೊಳಗೆ 100 ರೂಪಾಯಿ ಬಂದಿತೆನ್ನಿ. ಅದು ಸಿಕ್ಕವನು 20 ಉಳಿಸಿಕೊಂಡು 80 ಖರ್ಚು ಮಾಡುತ್ತಾನೆ. ಅದು ಸಿಕ್ಕ ಅಂಗಡಿಯವನು 16 ಉಳಿಸಿಕೊಂಡು 64 ಖರ್ಚು ಮಾಡುತ್ತಾನೆ. ಹೀಗೆ ಕೈಯಿಂದ ಕೈಗೆ ಹೋಗಿ ಕೊನೆಗೆ ಪೈಸೆಗಳಾಗಿ ಮಾಯವಾಗುವಷ್ಟರಲ್ಲಿ ಊರಿನವರೆಲ್ಲರ ಕೈಗೆ ಬಂದುಹೋದ ಹಣವನ್ನು ಕೂಡಿದರೆ 500 ರೂಪಾಯಿ. ಬಂದದ್ದು 100ರ ಒಂದೇ ನೋಟು. ಎಲ್ಲರೂ ಅರ್ಧ ಉಳಿಸಿಕೊಳ್ಳುವ ಜಿಪುಣರ ಊರಾದರೆ ಅದೇ ನೋಟಿನಿಂದ ಆಗುವ ಒಟ್ಟು ವಹಿವಾಟು 200 ಮಾತ್ರ.

ಕೋಣೆಯೊಳಗಿನ ಬೆಳಕಿನ ಲೆಕ್ಕವೂ ಇದೇ. ಪ್ರತಿ ಮೇಲ್ಮೈಗೂ ಒಂದು ಮರಳಿಕೆ ಇದೆ, ಅಂದರೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಅದು ವಾಪಸು ಕೊಡುವ ಪಾಲು. ಹೊಸ ಬಿಳಿ ಬಣ್ಣದ ಚಾವಣಿಯ ಮರಳಿಕೆ ನೂರಕ್ಕೆ 80ಕ್ಕೂ ಮೇಲೆ, ಕೆನೆ ಬಣ್ಣದ ಗೋಡೆಯದ್ದು 70ರ ಆಸುಪಾಸು. ರೆಡ್ ಆಕ್ಸೈಡ್ ನೆಲ, ಕಡುಕಂದು ಲ್ಯಾಮಿನೇಟಿನ ವಾರ್ಡ್‌ರೋಬು 10–15 ಮರಳಿಸಿದರೆ ಹೆಚ್ಚು. ರಾತ್ರಿ ಹೊತ್ತು ಪರದೆ ಎಳೆಯದ ಕಿಟಕಿಯಂತೂ ಗೋಡೆಯಲ್ಲಿರುವ ತೂತೇ ಸರಿ, ಗಾಜು ವಾಪಸು ಕೊಡುವುದು ನೂರಕ್ಕೆ 10ಕ್ಕೂ ಕಡಿಮೆ. ಬೆಳಕು ಒಂದು ನ್ಯಾನೊಸೆಕೆಂಡಿಗೆ ಸುಮಾರು ಒಂದು ಅಡಿ ಸಾಗುತ್ತದೆ. ಹತ್ತಡಿಯ ಕೋಣೆಯಲ್ಲಿ ಹತ್ತಾರು ಸುತ್ತು ಮುಗಿಯಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲೂ ಬೇಡ. ನಾವು ಸ್ವಿಚ್ ಒತ್ತಿದಾಗ ಕಾಣುವುದು ಆ ಎಲ್ಲ ಸುತ್ತುಗಳ ಒಟ್ಟು ಮೊತ್ತ.

ಇದು ಊಹೆಯ ಲೆಕ್ಕವಲ್ಲ, ಬಲ್ಬುಗಳನ್ನು ಅಳೆಯುವುದೇ ಇದರ ಬಲದಿಂದ. 1900ರ ಸುಮಾರಿಗೆ ಜರ್ಮನಿಯ ಎಂಜಿನಿಯರ್ ರಿಚರ್ಡ್ ಉಲ್‌ಬ್ರಿಕ್ಟ್ ಒಳಮೈಗೆ ಅಚ್ಚ ಬಿಳಿ ಬಳಿದ ಟೊಳ್ಳು ಗೋಳದೊಳಗೆ ದೀಪ ಇಟ್ಟು ಅಳೆಯುವ ಪದ್ಧತಿಯನ್ನು ರೂಪಿಸಿದ. ಒಳಗೆ ಬೆಳಕು ಎಷ್ಟು ಸಲ ಪುಟಿಯುತ್ತದೆಂದರೆ, ದೀಪ ಯಾವ ಕಡೆ ಮುಖಮಾಡಿದ್ದರೂ ಗೋಳದ ಗೋಡೆ ಎಲ್ಲ ಕಡೆ ಒಂದೇ ಸಮ ಬೆಳಗುತ್ತದೆ. ಒಳಬಣ್ಣದ ಮರಳಿಕೆ 98 ಇದ್ದರೆ ಒಟ್ಟು ಬೆಳಕು ದೀಪ ಕೊಟ್ಟದ್ದರ 50 ಪಟ್ಟು. ಪೆಟ್ಟಿಗೆಯ ಮೇಲೆ ಅಚ್ಚಾಗುವ ಲ್ಯೂಮೆನ್ ಅಂಕಿಯನ್ನು ಇಂದಿಗೂ ಇಂಥ ಗೋಳಗಳಲ್ಲೇ ಅಳೆಯುತ್ತಾರೆ. ವಿಪರ್ಯಾಸವೆಂದರೆ, ದಿಕ್ಕನ್ನು ಪೂರ್ತಿ ಅಳಿಸಿಹಾಕುವ ಯಂತ್ರದಲ್ಲಿ ಅಳೆದ ಅಂಕಿಯನ್ನು ನಂಬಿ ನಾವು ದಿಕ್ಕೇ ಮುಖ್ಯವಾದ ಕೋಣೆಗೆ ಬಲ್ಬು ಕೊಳ್ಳುತ್ತೇವೆ.

ಕೋಣೆಯಲ್ಲಿ ದಿಕ್ಕು ಮುಖ್ಯವಾಗುವುದು ಮೇಲ್ಮೈಗಳು ಒಂದೇ ಸಮ ಉದಾರಿಗಳಲ್ಲದ್ದರಿಂದ. ಕೆಳಮುಖದ ಎಲ್‌ಇಡಿಯ ಬೆಳಕಿನ ಮೊದಲ ನಿಲ್ದಾಣ ನೆಲ, ಸೋಫಾ, ಚಾಪೆ, ಮಂಚ. ಇವುಗಳ ಮರಳಿಕೆ 25 ಎಂದು ಹಿಡಿದರೆ, ನೂರರಲ್ಲಿ 75 ಭಾಗ ಮೊದಲ ಹೊಡೆತಕ್ಕೇ ಖಲಾಸ್. ಅದೇ ಬೆಳಕು ಮೊದಲು ಚಾವಣಿಗೆ ಹೋದರೆ 80 ಭಾಗ ಕೋಣೆಗೆ ಮರಳುತ್ತದೆ, ಅದೂ ಎಲ್ಲ ದಿಕ್ಕಿಗೂ ಹರಡಿಕೊಂಡು. ಬೆಳಕನ್ನು ಪುಟಿಸಿ ಕಳಿಸಿದರೆ ಐದನೇ ಒಂದು ಪಾಲು ನಷ್ಟ ಎಂಬ ಆಕ್ಷೇಪ ಪೊಳ್ಳಾಗುವುದು ಇಲ್ಲೇ. ನಷ್ಟ ಎರಡೂ ದಾರಿಯಲ್ಲಿದೆ, ನೆಟ್ಟನೆ ಕೆಳಗೆ ಸುರಿಯುವುದರಲ್ಲಿ ಮೂರುಪಟ್ಟಿಗೂ ಹೆಚ್ಚು. ದಿನಕ್ಕೆ 5 ಗಂಟೆ ಉರಿಯುವ 9 ವಾಟ್ ಬಲ್ಬು ತಿಂಗಳಿಗೆ ತಿನ್ನುವುದು 1.35 ಯೂನಿಟ್. ಅದರ ಐದನೇ ಒಂದು ಪಾಲಿಗೆ ಕೊರಗಬೇಕಾದ ಅಗತ್ಯ, ಗೃಹಜ್ಯೋತಿಯ ಉಚಿತ ವಿದ್ಯುತ್ ಇಲ್ಲದವರಿಗೂ ಇಲ್ಲ.

ಕಣ್ಣಿನ ಪಕ್ಷಪಾತ

ವಾಟ್ ಏರಿಸಿದರೂ ಮಬ್ಬು ಹೋಗದಿರಲು ಕಣ್ಣಿನ ಸ್ವಭಾವವೂ ಕಾರಣ. 1950ರ ದಶಕದಲ್ಲಿ ಹಾರ್ವರ್ಡಿನ ಮನೋವಿಜ್ಞಾನಿ ಎಸ್.ಎಸ್. ಸ್ಟೀವನ್ಸ್ ತೋರಿಸಿದಂತೆ, ಒಂದು ಮೇಲ್ಮೈ ಇಮ್ಮಡಿ ಬೆಳಗಿದಂತೆ ಕಾಣಬೇಕಾದರೆ ಅದರ ಬೆಳಕು ಸುಮಾರು 8 ಪಟ್ಟು ಹೆಚ್ಚಬೇಕು. 9 ವಾಟಿನಿಂದ 15ಕ್ಕೆ ಹೋದವರಿಗೆ ಕೋಣೆ ಹೆಚ್ಚೆಂದರೆ ಐದನೇ ಒಂದು ಪಾಲು ಬೆಳಗಿದಂತೆ ಕಾಣುತ್ತದೆ. ಅದೂ ಕಣ್ಣೆದುರು ಬತ್ತಲೆ ಬಲ್ಬು ಇಲ್ಲದಿದ್ದರೆ. ಉರಿಯುವ ಬಲ್ಬಿನ ಮೈ ಬೆಳಕು ಬಿದ್ದ ಗೋಡೆಗಿಂತ ಸಾವಿರ ಪಟ್ಟಿಗೂ ಹೆಚ್ಚು ಪ್ರಖರ. ಅದು ನೋಟದ ಅಂಚಿನಲ್ಲಿದ್ದರೂ ಅದರ ಬೆಳಕು ಕಣ್ಣೊಳಗಿನ ಮಸೂರದಲ್ಲಿ ಚೆದುರಿ, ನೋಡಬೇಕಾದ ವಸ್ತುವಿನ ಮೇಲೆ ತೆಳು ಮುಸುಕು ಎಳೆಯುತ್ತದೆ. ಜೊತೆಗೆ ಕಣ್ಣು ಆ ಪ್ರಖರತೆಗೇ ಹೊಂದಿಕೊಳ್ಳಲು ಹೋಗಿ ಗೋಡೆಯನ್ನು ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ವಯಸ್ಸಾದವರಲ್ಲಿ ಮಸೂರ ಹಳದಿಯಾಗಿ, ಮಸುಕಾಗಿ, ಈ ಚೆದುರುವಿಕೆ ಇನ್ನೂ ಹೆಚ್ಚು. 60ರ ಕಣ್ಣಿನ ಹಿಂಪರದೆಗೆ ತಲುಪುವುದು 20ರ ಕಣ್ಣಿಗೆ ತಲುಪುವ ಬೆಳಕಿನ ಮೂರನೇ ಒಂದು ಪಾಲು. ಅಜ್ಜಿಗೆ ಕಾಣುವುದಿಲ್ಲವೆಂದು ದೊಡ್ಡ ಬಲ್ಬು ತಂದು ಅವರ ಎದುರು ಗೋಡೆಗೇ ಹಾಕಿದರೆ ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಿತ್ತುಕೊಂಡ ಹಾಗೆ.

ನಾವು ನಡೆಯುವಾಗಲೂ ಕೂತಾಗಲೂ ನೋಟ ಹೆಚ್ಚುಕಡಿಮೆ ಅಡ್ಡಕ್ಕೆ ಇರುತ್ತದೆ. ನೋಟದ ತುಂಬ ಇರುವುದು ಗೋಡೆ, ಅದರ ಮೇಲೊಂದಿಷ್ಟು ಚಾವಣಿ. ಕೋಣೆ ಬೆಳಕಾಗಿದೆಯೋ ಇಲ್ಲವೋ ಎಂದು ಕಣ್ಣು ತೀರ್ಪು ಕೊಡುವುದು ಅವನ್ನು ನೋಡಿ, ನೆಲದ ಮೇಲೆ ಎಷ್ಟು ಬೆಳಕು ಬಿದ್ದಿದೆ ಎಂದು ಅಳೆದಲ್ಲ. ಈಚೆಗೆ ಎಲ್ಲೆಲ್ಲೂ ಕಾಣುವ ಪಿಒಪಿ ಫಾಲ್ಸ್ ಸೀಲಿಂಗ್, ಅದರಲ್ಲಿ ಕೊರೆದು ಕೂರಿಸಿದ ಗುಂಡು ದೀಪಗಳು ಈ ದೃಷ್ಟಿಯಿಂದ ದುಡ್ಡು ಕೊಟ್ಟು ತಂದುಕೊಂಡ ಮಬ್ಬು. ದೀಪ ಚಾವಣಿಯ ಒಳಗೇ ಹುದುಗಿರುವುದರಿಂದ ಚಾವಣಿಗೆ ನೇರ ಬೆಳಕು ಸಿಗುವ ಮಾತೇ ಇಲ್ಲ. ಹೋಟೆಲುಗಳಲ್ಲಿ ಅದು ಚೆನ್ನಾಗಿ ಕಾಣುವುದು ಗೋಡೆಗೂ ಚಾವಣಿಯ ಅಂಚಿಗೂ ಬೇರೆಯೇ ದೀಪಗಳಿರುವುದರಿಂದ.

ಬೀರುವಿನ ತಲೆಯ ಮೇಲೆ

ಗೋಡೆ ನನ್ನದಲ್ಲವಲ್ಲ ಎಂದು ಬಾಡಿಗೆದಾರ ಕೇಳಬಹುದು. ಗೋಡೆಗೆ ಎಂಥ ಗಿಳಿಹಸಿರು ಹೊಡೆಸಿದ ಓನರೂ ಚಾವಣಿಗೆ ಬಿಳಿಯನ್ನೇ ಹೊಡೆಸಿರುತ್ತಾನೆ, ಸೌಂದರ್ಯಪ್ರಜ್ಞೆಯಿಂದಲ್ಲ, ಅದು ಅಗ್ಗವಾದ್ದರಿಂದ. ಬಾಡಿಗೆಯ ಜೊತೆ ಪುಕ್ಕಟೆ ಸಿಕ್ಕ ಅತಿ ದೊಡ್ಡ ದೀಪದ ತಟ್ಟೆ ಆ ಚಾವಣಿ. ಅದಕ್ಕೆ ಬೆಳಕು ತಲುಪಿಸಲು ಮೊಳೆ ಬೇಡ. ನಾಲ್ಕಡಿಯ 20 ವಾಟ್ ಎಲ್‌ಇಡಿ ಬ್ಯಾಟನ್ ಒಂದಕ್ಕೆ ವೈರು, ಪ್ಲಗ್ಗು ಹಾಕಿಸಿಕೊಂಡು ಬೀರುವಿನ ಇಲ್ಲವೇ ವಾರ್ಡ್‌ರೋಬಿನ ತಲೆಯ ಮೇಲೆ ಅಂಗಾತ ಮಲಗಿಸಿದರೆ ಸುಮಾರು 2,000 ಲ್ಯೂಮೆನ್ ನೇರ ಚಾವಣಿಗೆ. ಕೂತವರಿಗೆ ಬ್ಯಾಟನ್ ಕಾಣುವುದಿಲ್ಲ, ಕಾಣುವುದು ಬೆಳಗಿದ ಚಾವಣಿ ಮಾತ್ರ. ಬೀರುವಿಗೂ ಚಾವಣಿಗೂ ನಡುವೆ ಒಂದೂವರೆ ಎರಡಡಿಯಾದರೂ ಇರಬೇಕು. ತೀರ ಹತ್ತಿರವಾದರೆ ಬೆಳಕು ಹರಡದೆ ಒಂದೇ ಕಡೆ ಪಟ್ಟೆಯಾಗಿ ನಿಲ್ಲುತ್ತದೆ. ಫ್ಯಾನಿಗೆ ಹತ್ತಿರವಾದರೆ ರೆಕ್ಕೆಗಳ ನೆರಳು ಚಾವಣಿಯ ಮೇಲೆ ಪಟಪಟನೆ ಓಡಿ ತಲೆನೋವು ತರುತ್ತದೆ, ಆದ್ದರಿಂದ ಮೂಲೆಯೇ ವಾಸಿ.

ಗೋಡೆಗಿರುವ ಆ್ಯಂಗಲ್ ಹೋಲ್ಡರನ್ನು ಮೇನ್ ಆರಿಸಿ, ಎರಡು ಸ್ಕ್ರೂ ಬಿಚ್ಚಿ, ಅದೇ ತೂತುಗಳಿಗೆ ತಲೆಕೆಳಗು ಮಾಡಿ ಕೂರಿಸಿದರೆ ಬಲ್ಬು ಮೇಲಕ್ಕೆ ನೋಡುತ್ತದೆ. ಖರ್ಚು ಸೊನ್ನೆ. ಚಾವಣಿಯಿಂದ ನೇತಾಡುವ ಹೋಲ್ಡರಿಗೆ ಫಿಲಮೆಂಟ್ ಮಾದರಿಯ ಎಲ್‌ಇಡಿ ಬಲ್ಬು ಸೂಕ್ತ. ಅದರಲ್ಲಿ ಎಲ್‌ಇಡಿಗಳನ್ನು ತೆಳು ಕಡ್ಡಿಗಳ ಮೇಲೆ ಜೋಡಿಸಿ, ಗಾಜಿನೊಳಗೆ ಹೀಲಿಯಂ ತುಂಬಿರುತ್ತಾರೆ. ಶಾಖವನ್ನು ಆ ಅನಿಲವೇ ಗಾಜಿಗೆ ಸಾಗಿಸುವುದರಿಂದ ಲೋಹದ ಬುಡ ಬೇಕಾಗದು, ಬೆಳಕು ಹಳೆಯ ಬಲ್ಬಿನಂತೆ ಸುತ್ತಲೂ ಹೋಗುತ್ತದೆ. ಇನ್ನು ರಾತ್ರಿ ಕಿಟಕಿಗೆ ತಿಳಿಬಣ್ಣದ ಪರದೆ ಎಳೆಯುವುದು, ಕಡುಬಣ್ಣದ ಸೋಫಾದ ಮೇಲೆ ಬಿಳಿ ಹೊದಿಕೆ ಹಾಸುವುದು, ಚಾವಣಿಯ ಬಲೆ ಹೊಡೆದು ಧೂಳು ಒರೆಸುವುದು. ಕೇಳಲು ಕ್ಷುಲ್ಲಕ. ಆದರೆ ಕೋಣೆಯ ಸರಾಸರಿ ಮರಳಿಕೆ 50ರಿಂದ 60ಕ್ಕೆ ಏರಿದರೆ ಒಟ್ಟು ಬೆಳಕು ಕಾಲು ಭಾಗ ಹೆಚ್ಚುತ್ತದೆ, ಒಂದು ವಾಟ್ ಕೂಡ ಸೇರಿಸದೆ. ಹಳೆಯ ಟ್ಯೂಬ್ ಪಟ್ಟಿಗೆ ಎಲ್‌ಇಡಿ ಟ್ಯೂಬು ಹಾಕುವುದೊಂದನ್ನು ಮಾತ್ರ ಎಲೆಕ್ಟ್ರಿಷಿಯನ್‌ಗೆ ಬಿಡಬೇಕು. ಚೋಕ್, ಸ್ಟಾರ್ಟರ್ ತೆಗೆದು ವೈರಿಂಗ್ ಬದಲಿಸಬೇಕಾಗುತ್ತದೆ, ಟ್ಯೂಬಿನಿಂದ ಟ್ಯೂಬಿಗೆ ಜೋಡಣೆಯ ರೀತಿಯೂ ಬೇರೆ.

ಓದುವುದಕ್ಕೆ, ಹೆಚ್ಚುವುದಕ್ಕೆ

ಪುಟಿದ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಲಾಗದು ಎಂಬ ಆಕ್ಷೇಪಕ್ಕೆ ಎದುರಾಡುವಂತಿಲ್ಲ. ಓದಲು, ಬರೆಯಲು, ಹೊಲಿಯಲು ನೆಟ್ಟನೆ ಬೆಳಕೇ ಬೇಕು. ಆದರೆ ಅದಕ್ಕಾಗಿ ಇಡೀ ಕೋಣೆಯ ದೀಪವನ್ನು ದೊಡ್ಡದು ಮಾಡುವುದು ದಂಡ. ದೀಪ ನಾಲ್ಕು ಪಟ್ಟು ಹತ್ತಿರವಾದರೆ ಪುಟದ ಮೇಲೆ ಬೀಳುವ ಬೆಳಕು 16 ಪಟ್ಟಾಗುತ್ತದೆ. ಎರಡು ಮೀಟರ್ ಎತ್ತರದ 80 ವಾಟ್ ದೀಪ ಮಾಡುವ ಕೆಲಸವನ್ನು ಅರ್ಧ ಮೀಟರಿನಲ್ಲಿರುವ 5 ವಾಟಿನ ಕ್ಲಿಪ್ ದೀಪ ಮಾಡುತ್ತದೆ. ಅಡುಗೆಮನೆಯಲ್ಲಿ ಸಮಸ್ಯೆ ಬೇರೆ. ಬಹಳ ಮನೆಗಳಲ್ಲಿ ಅಲ್ಲಿಯ ಏಕೈಕ ದೀಪ ಕಟ್ಟೆಯ ಎದುರು ಗೋಡೆಗಿರುತ್ತದೆ, ಅಡುಗೆ ಮಾಡುವವರ ಬೆನ್ನಿಗೆ. ಹೆಚ್ಚುವ ಮಣೆಯ ಮೇಲೆ, ಸರಿಯಾಗಿ ಬೆರಳು ಮತ್ತು ಚಾಕು ಸೇರುವ ಜಾಗದಲ್ಲಿ, ಅವರದ್ದೇ ನೆರಳು. ದೊಡ್ಡ ಬಲ್ಬು ಹಾಕಿದರೆ ನೆರಳೂ ಇನ್ನಷ್ಟು ಗಾಢವಾಗಿ ಕಾಣುತ್ತದೆ. ಕಟ್ಟೆಯ ಮೇಲಿನ ಶೆಲ್ಫಿನ ತಳಕ್ಕೆ ಅಂಟಿಸುವ ಒಂದಡಿಯ ಎಲ್‌ಇಡಿ ಪಟ್ಟಿ ಅದನ್ನು ಅಳಿಸುತ್ತದೆ, ಮನೆ ಬಿಡುವಾಗ ಕಿತ್ತುಕೊಂಡು ಹೋಗಲೂಬಹುದು.

ಗಿಳಿಹಸಿರು ಗೋಡೆಯ ಮನೆ

ಈ ಉಪಾಯ ಕೈಕೊಡುವ ಒಂದು ಸಂದರ್ಭವೂ ಇದೆ. ಬಣ್ಣದ ಗೋಡೆ ಎಲ್ಲ ಬಣ್ಣಗಳನ್ನೂ ಒಂದೇ ಪ್ರಮಾಣದಲ್ಲಿ ಮರಳಿಸುವುದಿಲ್ಲ. ಹಸಿರು ಗೋಡೆಯೊಂದು ಹಸಿರು ಬೆಳಕಿನಲ್ಲಿ 80, ಕೆಂಪಿನಲ್ಲಿ 50 ವಾಪಸು ಕೊಡುತ್ತದೆ ಎನ್ನೋಣ. ಮೂರು ಸುತ್ತು ಮುಗಿಯುವಷ್ಟರಲ್ಲಿ ಹಸಿರು 51 ಉಳಿದಿದ್ದರೆ ಕೆಂಪು 12ಕ್ಕೆ ಇಳಿದಿರುತ್ತದೆ. ಬಣ್ಣದ ಡಬ್ಬಿಯ ಮೇಲಿನ ಮಾದರಿ ಚೀಟಿಯಲ್ಲಿ ಹಿತವಾಗಿದ್ದ ಹಸಿರು ನಾಲ್ಕೂ ಗೋಡೆಗೆ ಬಂದಾಗ ಕಣ್ಣಿಗೆ ಹೊಡೆಯುವುದು, ಅಂಥ ಕೋಣೆಯಲ್ಲಿ ಕೂತವರೆಲ್ಲ ಜ್ವರದಿಂದ ಎದ್ದವರಂತೆ ಕಾಣುವುದು ಇದರಿಂದಲೇ. ಅಗ್ಗದ ಎಲ್‌ಇಡಿ ಈ ತೊಂದರೆಯನ್ನು ಹೆಚ್ಚಿಸುತ್ತದೆ. ನೀಲಿ ಬೆಳಕಿಗೆ ಹಳದಿ ಲೇಪ ಸೇರಿಸಿ ಬಿಳಿ ಮಾಡುವ ಈ ವಿಧಾನದಲ್ಲಿ ಗಾಢ ಕೆಂಪಿಗೆ ಮೊದಲೇ ಕೊರತೆ. ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂದು ಹೇಳಲು ಪೆಟ್ಟಿಗೆಯ ಮೇಲೆ ‘ಸಿಆರ್‌ಐ 80’ ಎಂದಿರುವ ಅಂಕಿ ಎಂಟು ತಿಳಿಬಣ್ಣಗಳ ಸರಾಸರಿ, ಗಾಢ ಕೆಂಪು ಆ ಎಂಟರಲ್ಲಿ ಇಲ್ಲವೇ ಇಲ್ಲ. ಬೀಟ್‌ರೂಟ್ ಪಲ್ಯ ಸಂಜೆಯ ದೀಪದಲ್ಲಿ ಕಂದಾಗಿ ಕಂಡರೆ ದೂರು ಒಗ್ಗರಣೆಯ ಮೇಲಲ್ಲ. ಇಂಥ ಮನೆಯಲ್ಲಿ ಸಿಆರ್‌ಐ 90 ಇರುವ ಬಲ್ಬಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬೆಳಕನ್ನು ಕೋಣೆಯ ನಡುಭಾಗದ ಚಾವಣಿಗೇ ಗುರಿಯಿಟ್ಟು ಗೋಡೆಗಳಿಂದ ಆದಷ್ಟು ದೂರ ಇಡಬೇಕು, ಎಲ್ಲಕ್ಕಿಂತ ದೊಡ್ಡ ಗೋಡೆಗೆ, ಕಿಟಕಿಯ ಪರದೆ ಸರಳನ್ನೇ ಆಧಾರ ಮಾಡಿಕೊಂಡು, ಬಿಳಿ ಬಟ್ಟೆಯೊಂದನ್ನು ಉದ್ದಕ್ಕೂ ಇಳಿಬಿಡಬೇಕು. ಹಳೆಯ ಬಿಳಿ ಪಂಚೆಯಾದರೂ ನಡೆದೀತು, ಅದರ ಮರಳಿಕೆ ಆ ಹಸಿರು ಗೋಡೆಗಿಂತ ಮೇಲು.